ಹಳೆ ಫ್ರಿಜ್ ಕಂಪ್ರೆಸರ್‌ನಿಂದ ಮನೆಯಲ್ಲೇ ಕರೆಂಟಿನ ಪೀನಿಸ್ ಪಂಪ್ ಮಾಡಿಕೊಳ್ಳಬಹುದಾ? ಯಾವ ಗೇಜ್ ಹಾಕಬೇಕು?

ಕೈ ಪಂಪ್ ಒತ್ತಿ ಬೇಸತ್ತಿದ್ದೀರಿ, ಹಳೆ ಕಂಪ್ರೆಸರ್ ಕೈಗೆ ಸಿಕ್ಕಿದೆ, ಗೇಜ್ (ಒಳಗಿನ ನಿರ್ವಾತ ಎಷ್ಟು ಅಂತ ತೋರಿಸುವ ಮೀಟರ್) ಒಂದು ಗೊತ್ತಾದರೆ ಕೆಲಸ ಶುರು ಮಾಡುತ್ತೀರಿ. ನಾಲ್ಕು ವರ್ಷದ ಹಿಂದೆ ನಾನು ನಿಂತಿದ್ದದ್ದು ಇದೇ ಜಾಗದಲ್ಲಿ. ಗೇಜ್ ಯಾವುದು ಅನ್ನುವುದಕ್ಕಿಂತ ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದು ದೊಡ್ಡ ವಿಷಯ. ನನಗೆ ಅದು ತಿಳಿದದ್ದು ಆಸ್ಪತ್ರೆಯ ತುರ್ತು ವಿಭಾಗದ ಮಂಚದ ಮೇಲೆ ಮಲಗಿದಾಗ.

ನಾನು ಹೀಗೆ ಜೋಡಿಸಿದ್ದೆ. ಕಂಪ್ರೆಸರ್‌ನ ಗಾಳಿ ಎಳೆಯುವ ಬಾಯಿಗೆ ಒಂದು ಪೈಪು. ಪೈಪಿನಲ್ಲಿ ಟಿ ಜಾಯಿಂಟ್ ಹಾಕಿ ಅಲ್ಲಿ ಗೇಜ್. ಅಲ್ಲಿಂದ ಮುಂದೆ ಒಂದೂವರೆ ಮೀಟರ್ ಪೈಪು, ಅದರ ತುದಿಗೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಒನ್ ವೇ ವಾಲ್ವ್, ಆಮೇಲೆ ಅಕ್ರಿಲಿಕ್ ಸಿಲಿಂಡರ್. ಕಂಪ್ರೆಸರ್‌ನ ಎಣ್ಣೆ ಹಿಂದಕ್ಕೆ ಬಂದು ಮೈಗೆ ತಾಗಬಾರದು ಅಂತ ಆ ವಾಲ್ವ್ ಹಾಕಿದ್ದೆ. ಯೋಚನೆ ಸರಿಯಾಗೇ ಇತ್ತು. ಗೇಜನ್ನು ಕಂಪ್ರೆಸರ್ ಪಕ್ಕ ಇಟ್ಟಿದ್ದು, ಸ್ವಿಚ್ ಒತ್ತುತ್ತಾ ಕಣ್ಣಿಗೆ ನೇರವಾಗಿ ಕಾಣಲಿ ಅಂತ.

ತಪ್ಪಾದದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒನ್ ವೇ ವಾಲ್ವ್ ಇದ್ದರೆ ನಿಮ್ಮ ಪೈಪು ಎರಡು ಕೋಣೆ ಆಯಿತು ಅಂತಲೇ ತಿಳಿಯಿರಿ. ವಾಲ್ವಿನಿಂದ ಆಚೆ ಸಿಲಿಂಡರ್, ಈಚೆ ಕಂಪ್ರೆಸರ್. ಮೋಟಾರ್ ಓಡುವಾಗ ಎರಡೂ ಕಡೆ ಗಾಳಿ ಖಾಲಿಯಾಗುತ್ತದೆ, ಗೇಜ್ ತೋರಿಸುವ ಅಂಕಿ ಹೆಚ್ಚುಕಡಿಮೆ ಎರಡಕ್ಕೂ ಸಲ್ಲುತ್ತದೆ. ಮೋಟಾರ್ ನಿಲ್ಲಿಸಿದಿರೋ, ಕಂಪ್ರೆಸರ್ ಕಡೆಯಿಂದ ಗಾಳಿ ನಿಧಾನವಾಗಿ ಒಳಗೆ ಸೇರುತ್ತದೆ, ಗೇಜ್ ಸೊನ್ನೆಗೆ ಇಳಿಯುತ್ತದೆ. ಆದರೆ ವಾಲ್ವ್ ಮುಚ್ಚಿಕೊಂಡಿದೆ. ಸಿಲಿಂಡರ್ ಒಳಗಿನ ನಿರ್ವಾತ ಇದ್ದಲ್ಲೇ ಇದೆ. ಗೇಜ್ ಇಣುಕುತ್ತಿರುವುದು ಖಾಲಿ ಕೋಣೆಯನ್ನು. ಮೈ ಸಿಕ್ಕಿಕೊಂಡಿರುವುದು ಇನ್ನೊಂದು ಕೋಣೆಯಲ್ಲಿ.

ನನಗೆ ಇದು ಹೊಳೆಯಲೇ ಇಲ್ಲ. ಗೇಜ್ ಇಳಿದದ್ದು ನೋಡಿ, ಬುಡದಲ್ಲಿ ಗಾಳಿ ಸೋರುತ್ತಿದೆ ಅಂದುಕೊಂಡೆ. ಇನ್ನಷ್ಟು ಜೆಲ್ ಹಚ್ಚಿ ಮತ್ತೆ ಸ್ವಿಚ್ ಒತ್ತಿದೆ. ಮೊದಲ ಸಲ 5 ಇಂಚು ಪಾದರಸ (ನಿರ್ವಾತವನ್ನು ಅಳೆಯುವುದು ಹೀಗೆ), ಆಮೇಲೆ ಹೇಗೂ ಸೋರುತ್ತದಲ್ಲ ಅಂತ 7, ಕೊನೆಗೆ 10. ನಡುನಡುವೆ ಐದು ನಿಮಿಷ ಬಿಟ್ಟು ರಕ್ತ ಹರಿಯಲು ವಿರಾಮ ಕೊಡುತ್ತಿದ್ದೇನೆ ಅಂತ ನಂಬಿದ್ದೆ. ಗಡಿಯಾರ ಇಟ್ಟುಕೊಂಡು ಶಿಸ್ತಾಗಿ ಮಾಡಿದ ವಿರಾಮಗಳು ಅವು. ಅಷ್ಟೂ ಹೊತ್ತು ಸಿಲಿಂಡರ್ ಒಳಗೆ ಎಳೆತ ಒಂದು ಕ್ಷಣವೂ ಕಡಿಮೆಯಾಗಿರಲಿಲ್ಲ. ಒಟ್ಟು ನಲವತ್ತು ನಿಮಿಷ. ಕೊನೆಯ ಹದಿನೈದು ನಿಮಿಷ 10 ಇಂಚಿನಲ್ಲಿ.

10 ಇಂಚು ಅಂದರೆ 254 ಮಿಲಿಮೀಟರ್ ಪಾದರಸ. ಬಿ.ಪಿ. ನೋಡುವಾಗ ಹೇಳುವ 120 ಕೂಡ ಇದೇ ಅಳತೆಯದು, ಅದು ದೊಡ್ಡ ರಕ್ತನಾಳದ ಒತ್ತಡ. ಚರ್ಮದ ಕೂದಲೆಳೆಯಂಥ ಸೂಕ್ಷ್ಮ ನಾಳಗಳಲ್ಲಿ ಸಾಮಾನ್ಯವಾಗಿ ಇರುವುದು 30ರ ಆಸುಪಾಸು. ಪಂಪ್ ಏನನ್ನೂ 'ಎಳೆಯುವುದಿಲ್ಲ'. ಹೊರಗಿನ ಗಾಳಿಯ ಒತ್ತಡವನ್ನು ಒಂದು ಕಡೆ ತೆಗೆದುಬಿಡುತ್ತದೆ, ಉಳಿದ ಮೈಯ ಒತ್ತಡವೇ ರಕ್ತವನ್ನೂ ನೀರನ್ನೂ ಆ ಕಡೆ ನೂಕುತ್ತದೆ. ಸೂಕ್ಷ್ಮ ನಾಳಗಳು ಅದನ್ನು ತಾಳದೆ ಮೊದಲು ನೀರು ಬಿಡುತ್ತವೆ, ಆಮೇಲೆ ಒಡೆಯುತ್ತವೆ. ದಪ್ಪವಾಯಿತು ಅಂತ ನಾನು ಖುಷಿಪಟ್ಟಿದ್ದು ಚರ್ಮದಡಿ ತುಂಬಿದ ಆ ನೀರನ್ನು ನೋಡಿ.

ಮೊದಮೊದಲು ಸಣ್ಣ ನೋವಿತ್ತು. ಆಮೇಲೆ ಅದು ಹೋಯಿತು. ಒಗ್ಗಿಕೊಂಡಿತು ಅಂದುಕೊಂಡೆ, ನಿಜಕ್ಕೂ ಜೋಮು ಹಿಡಿದಿತ್ತು. ನೋವು ಹೋದದ್ದನ್ನು ಒಳ್ಳೆಯ ಗುರುತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ತೆಗೆಯೋಣ ಅಂತ ನೋಡಿದರೆ ಗೇಜ್ ಸೊನ್ನೆ ತೋರಿಸುತ್ತಿದೆ, ಸಿಲಿಂಡರ್ ಮಾತ್ರ ಅಲುಗಾಡುತ್ತಿಲ್ಲ. ಗಾಳಿ ಬಿಡುವ ವಾಲ್ವ್ ನಾನು ಹಾಕಿರಲೇ ಇಲ್ಲ. ಗಾಬರಿಯಲ್ಲಿ ಹಿಡಿದು ಜಗ್ಗಿದೆ. ಕೊನೆಗೆ ಅಂಚಿನ ಕೆಳಗೆ ಬೆರಳು ತೂರಿಸಿದಾಗ ಸುಯ್ ಎಂದು ಗಾಳಿ ನುಗ್ಗಿತು. ಒಳಗೆ ಹಾಕುವಾಗ ಮುಂದೊಗಲು ಹಿಂದಕ್ಕೆ ಸರಿದಿತ್ತು. ಈಗ ಅದು ಟ್ಯೂಬಿನಂತೆ ಊದಿಕೊಂಡು ತಲೆಭಾಗದ ಹಿಂದೆ ಬಿಗಿದು ಕೂತಿತ್ತು, ಮುಂದಕ್ಕೆ ಬರಲೊಲ್ಲದು. ಮೇಲೆ ಎರಡು ರಕ್ತಗುಳ್ಳೆ, ಸುತ್ತ ರಾಗಿ ಚೆಲ್ಲಿದಂತೆ ಕೆಂಪು ಚುಕ್ಕೆ. ಬೆಳಗಾದರೆ ಇಳಿದೀತು ಅಂತ ನಾಚಿಕೆಯಿಂದ ಮೂರು ಗಂಟೆ ಕಾದೆ. ಇಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಇದಕ್ಕೆ ಪ್ಯಾರಾಫೈಮೋಸಿಸ್ ಅಂತಾರೆ ಅಂದರು. ಬಿಗಿದ ಚರ್ಮ ಉಂಗುರದ ಹಾಗೆ ತಲೆಭಾಗದ ರಕ್ತಸಂಚಾರವನ್ನು ತಡೆಯುತ್ತದೆ, ಹಾಗೇ ಬಿಟ್ಟರೆ ಅಂಗಾಂಶ ಸಾಯಬಹುದು. ಅದಕ್ಕೇ ಇದನ್ನು ತುರ್ತು ಸ್ಥಿತಿ ಅಂತ ಎಣಿಸುತ್ತಾರೆ. ಮರಗಟ್ಟಿಸುವ ಮದ್ದು ಹಾಕಿ, ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ಅದುಮಿ ಊತದ ನೀರನ್ನು ಹಿಂದಕ್ಕೆ ಕಳಿಸಿ, ಆಮೇಲೆ ಚರ್ಮವನ್ನು ಮುಂದಕ್ಕೆ ಸರಿಸಿದರು. ಆಗದಿದ್ದರೆ ಚರ್ಮವನ್ನು ಸೀಳಬೇಕಾಗುತ್ತಿತ್ತು. ಅವರು ಗದರಲಿಲ್ಲ, ನಗಲಿಲ್ಲ. "ಮೂರು ಗಂಟೆ ಯಾಕೆ ಕಾದ್ರಿ?" ಅಂತ ಅಷ್ಟೇ ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವಾರ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅಷ್ಟು ದಿನ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕರೆಂಟ್ ಬೇಕು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಕೈ ಪಂಪ್ ನಿಧಾನ, ಬೆರಳು ನೋಯುತ್ತದೆ ಅಂತ ಬರೆದಿದ್ದೀರಿ. ನಿಮ್ಮನ್ನು ಇಷ್ಟು ದಿನ ಕಾಪಾಡಿದ್ದೇ ಅದು. ಪ್ರತಿ ಒತ್ತಿಗೆ ಒಂದಿಷ್ಟೇ ಗಾಳಿ ಹೋಗುತ್ತದೆ, ಮೈ ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಫ್ರಿಜ್ ಕಂಪ್ರೆಸರ್ ಪೂರ್ತಿ ನಿರ್ವಾತದ ಹತ್ತಿರಕ್ಕೆ, ಅಂದರೆ 29 ಇಂಚಿನ ತನಕ ಎಳೆಯಬಲ್ಲದು. ಅಂಗೈಯಗಲದ ಸಿಲಿಂಡರ್ ಅದಕ್ಕೆ ಯಾವ ಲೆಕ್ಕ? ಕಣ್ಣು ಮಿಟುಕಿಸುವಷ್ಟರಲ್ಲಿ 5 ದಾಟಿರುತ್ತದೆ. ಮೇಲಾಗಿ ಅದು ಮನೆಯ ಕರೆಂಟಿನಲ್ಲಿ ಓಡುವ ಬಿಚ್ಚಿಟ್ಟ ಮೋಟಾರ್, ಪಕ್ಕದಲ್ಲಿ ನೀವು ಬರಿಮೈಯಲ್ಲಿ, ಕೈಯೆಲ್ಲ ಜೆಲ್. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ವೈದ್ಯಕೀಯ ಬಳಕೆಯ ಪಂಪುಗಳಿಗೆ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) ಇಟ್ಟ ಮೇಲ್ಮಿತಿ 17 ಇಂಚು, ತಟ್ಟನೆ ಗಾಳಿ ಬಿಡುವ ಕೈ ವಾಲ್ವ್ ಇರಲೇಬೇಕು. 17 ಅನ್ನುವುದು ಗುರಿ ಅಂತ ದಯವಿಟ್ಟು ಓದಿಕೊಳ್ಳಬೇಡಿ. ಯಂತ್ರ ಕೆಟ್ಟರೂ ಅದಕ್ಕಿಂತ ಮೇಲೆ ಹೋಗಬಾರದು ಅನ್ನುವ ಗೋಡೆ ಅದು. ನನಗೆ ಪೆಟ್ಟು ಬಿದ್ದದ್ದು 10ರಲ್ಲಿ.

ಆಗ ನಾನು ನನಗೇ ಹೇಳಿಕೊಂಡ ಸಮಾಧಾನ ಒಂದಿತ್ತು. 1917ರಲ್ಲೇ ಆಟೊ ಲೆಡರರ್ ಎಂಬವರು ಇಂಥ ಸಾಧನಕ್ಕೆ ಪೇಟೆಂಟ್ ಪಡೆದಿದ್ದರು. ಅರವತ್ತರ ದಶಕದಲ್ಲಿ ಅಮೆರಿಕದ ಗೆಡಿಂಗ್ಸ್ ಆಸ್ಬನ್ ಅನ್ನುವ ಟೈರ್ ವ್ಯವಹಾರದ ಮನುಷ್ಯ ತನ್ನದೇ ತೊಂದರೆಗೆ ತಾನೇ ಪಂಪ್ ಮಾಡಿಕೊಂಡ, 1982ರಲ್ಲಿ ಅದು ಎಫ್‌ಡಿಎ ಒಪ್ಪಿಗೆ ಪಡೆಯಿತು. ಡಾಕ್ಟರಲ್ಲದ ಅವರು ಮಾಡಿದ್ದನ್ನು ನಾನೂ ಮಾಡಬಲ್ಲೆ ಅಂತ ಅಂದುಕೊಂಡೆ. ನಡುವೆ ಕಳೆದ ಅಷ್ಟು ವರ್ಷಗಳ ತಿದ್ದುಪಡಿ ನನ್ನ ಲೆಕ್ಕಕ್ಕೆ ಬರಲಿಲ್ಲ.

ಇನ್ನು ಯಾಕೆ ಪಂಪ್ ಬೇಕು ಅನ್ನುವುದನ್ನು ನೀವು ಬರೆದಿಲ್ಲ. ಉದ್ದ ಹೆಚ್ಚಲಿ ಅಂತಿದ್ದರೆ, 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 37 ಗಂಡಸರು ವಾರಕ್ಕೆ ಮೂರು ಸಲ, ತಲಾ 20 ನಿಮಿಷದಂತೆ ಆರು ತಿಂಗಳು ಪಂಪ್ ಬಳಸಿದರು. ಸರಾಸರಿ ಉದ್ದ 7.6 ಸೆಂಟಿಮೀಟರ್‌ನಿಂದ 7.9ಕ್ಕೆ ಬಂತು, ಲೆಕ್ಕಕ್ಕೆ ಹಿಡಿಯುವಂಥ ಬದಲಾವಣೆಯೇ ಅಲ್ಲ. 2015ರಲ್ಲಿ 15,521 ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿಮಿರಿದಾಗಿನ ಸರಾಸರಿ 13.12 ಸೆಂಟಿಮೀಟರ್ ಬಂತು. ನನ್ನದು ಅದರ ಆಸುಪಾಸೇ ಇತ್ತು. ಇದು ಮೊದಲೇ ಗೊತ್ತಿದ್ದರೆ ಕಂಪ್ರೆಸರ್ ಬಿಚ್ಚುತ್ತಲೇ ಇರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ನಿಮಿರುವಿಕೆಯ ತೊಂದರೆ ಇದ್ದರೆ ಕಥೆ ಬೇರೆ. ಅದಕ್ಕೆ ಪಂಪ್ ನಿಜವಾಗಿ ಕೆಲಸ ಮಾಡುತ್ತದೆ, ಡಾಕ್ಟರುಗಳೇ ಬರೆದುಕೊಡುತ್ತಾರೆ. ಆದರೆ ಮೊದಲು ಯುರಾಲಜಿಸ್ಟ್ (ಮೂತ್ರಾಂಗ, ಜನನಾಂಗದ ಡಾಕ್ಟರ್) ಹತ್ತಿರ ಹೋಗಿ. ಸಕ್ಕರೆ ಕಾಯಿಲೆಯೋ ಹೃದಯದ ರಕ್ತನಾಳದ ತೊಂದರೆಯೋ ಮೊದಲು ತಲೆ ಎತ್ತುವುದು ಎಷ್ಟೋ ಜನರಲ್ಲಿ ಇಲ್ಲೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಅಥವಾ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದ್ದರೆ, ಡಾಕ್ಟರ್ ಹೇಳದೆ ಕೈ ಪಂಪನ್ನೂ ಮುಟ್ಟಬೇಡಿ. ನಿಮಿರಿದ್ದು ನಿಲ್ಲಲಿ ಅಂತ ಬುಡಕ್ಕೆ ಹಾಕುವ ಬಿಗಿ ಉಂಗುರವನ್ನು ಅರ್ಧ ಗಂಟೆಗಿಂತ ಹೆಚ್ಚು ಬಿಡುವಂತಿಲ್ಲ, ಹಾಕಿಕೊಂಡು ನಿದ್ದೆ ಹೋಗುವಂತಿಲ್ಲ.

ಕರೆಂಟಿನದೇ ಬೇಕು ಅಂತ ಹಟ ಇದ್ದರೆ ನಿರ್ವಾತ ಮಿತಿ ದಾಟದಂತೆ ತಡೆಯುವ ವಾಲ್ವ್ ಇರುವ, ಬ್ಯಾಟರಿಯಲ್ಲಿ ನಡೆಯುವ ವೈದ್ಯಕೀಯ ಪಂಪ್ ತನ್ನಿ. ಈಗಿರುವ ಕೈ ಪಂಪಿಗೆ ಗೇಜ್ ಸೇರಿಸುವುದಾದರೆ ಅದು ಸಿಲಿಂಡರಿಗೇ ಕೂರಬೇಕು, ನಡುವೆ ಯಾವ ವಾಲ್ವೂ ಇರಬಾರದು. ಗಾಳಿ ಬಿಡುವ ಗುಂಡಿ ಕೂಡ ಸಿಲಿಂಡರ್ ಮೇಲೇ ಇರಲಿ, ಪೈಪು ಕಳಚಿದರೂ ಕೆಲಸ ಮಾಡುವಂತೆ. ಬಳಸುವ ಮೊದಲು ಒಂದು ಪರೀಕ್ಷೆ ಮಾಡಿ. ಸಿಲಿಂಡರಿನ ಬಾಯಿಗೆ ಅಂಗೈ ಇಟ್ಟು ಸ್ವಲ್ಪ ಗಾಳಿ ತೆಗೆದು ನಿಲ್ಲಿಸಿ. ಗೇಜ್ ಸೊನ್ನೆ ತೋರಿಸುವಾಗ ಅಂಗೈ ಇನ್ನೂ ಅಂಟಿಕೊಂಡಿದ್ದರೆ ನಿಮ್ಮ ಗೇಜ್ ತಪ್ಪು ಕೋಣೆಯಲ್ಲಿದೆ. ಹತ್ತು ಸೆಕೆಂಡಿನ ಈ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ. ಅಂದಹಾಗೆ ಅಕ್ರಿಲಿಕ್ ಸಿಲಿಂಡರನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಕೂದಲೆಳೆಯಂಥ ಬಿರುಕು ಬರುತ್ತದೆ. ಸೋಪು ನೀರು ಸಾಕು.

ಇದನ್ನು ಓದುವ ಮೊದಲೇ ನೀವು ಜೋಡಿಸಿ ಬಳಸಿಬಿಟ್ಟಿದ್ದರೆ, ಈಗಲೇ ನೋಡಿಕೊಳ್ಳಿ. ಮುಂದೊಗಲು ಮುಂದಕ್ಕೆ ಬರುತ್ತಿಲ್ಲ, ತಲೆಭಾಗ ನೀಲಿ ಅಥವಾ ಕಪ್ಪಾಗಿದೆ, ಮುಟ್ಟಿದರೆ ಗೊತ್ತಾಗುತ್ತಿಲ್ಲ, ಮೂತ್ರ ಬರುತ್ತಿಲ್ಲ, ಇದರಲ್ಲಿ ಒಂದೇ ಒಂದು ಇದ್ದರೂ ಎಷ್ಟು ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ಅಲ್ಲಿ "ಪಂಪ್ ಬಳಸಿದೆ, ಊದಿಕೊಂಡಿದೆ, ಇಷ್ಟು ಗಂಟೆ ಆಯಿತು" ಅಂದರೆ ಸಾಕು, ಅವರಿಗೆ ಬೇಕಾದದ್ದು ಅಷ್ಟೇ ವಿವರ.