ನುಗ್ಗೆ ಪುಡಿ ಒಂದು ಚಮಚ, ಬಿಂಬುಳಿ ರಸ ಒಂದು ಲೋಟ

ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಅಡುಗೆಮನೆಗೂ ವಾರ್ಡಿಗೂ ನಡುವೆ ಓಡಾಡಿದವಳು ನಾನು. ಕೆಲಸ ಡಯಟೀಶಿಯನ್. ರೋಗಿಗಳು ಇಟ್ಟ ಹೆಸರು 'ಉಪ್ಪು ಕಮ್ಮಿ ಮೇಡಂ'. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪುಡಿ, ರಸ, ಕ್ಯಾಪ್ಸೂಲ್ ಬಗ್ಗೆಯೇ ಇವೆ. ಎಲ್ಲರೂ 'ಇದು ಒಳ್ಳೆಯದಾ?' ಎಂದು ಕೇಳಿದ್ದೀರಿ. ಎಷ್ಟು ತಗೊಳ್ಳುತ್ತಿದ್ದೀರಿ ಎಂದು ಬರೆದವರು ಮಾತ್ರ ಕಮ್ಮಿ. ಅದಕ್ಕೇ ಅಡುಗೆಮನೆಯ ತಕ್ಕಡಿಯನ್ನು ಪಕ್ಕದಲ್ಲಿಟ್ಟುಕೊಂಡು ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಹಿಮೋಗ್ಲೋಬಿನ್ 9.2. ಮೂರು ತಿಂಗಳಿಂದ ದಿನಾ ಬೆಳಗ್ಗೆ ಒಂದು ಚಮಚ ನುಗ್ಗೆಸೊಪ್ಪಿನ ಪುಡಿಯನ್ನು ಬಿಸಿನೀರಿನಲ್ಲಿ ಕುಡಿಯುತ್ತಿದ್ದೇನೆ. ಹಿಂದೆಯೇ ಕಾಫಿ. ಪಾಲಕ್‌ಗಿಂತ 25 ಪಟ್ಟು ಕಬ್ಬಿಣ ಇದೆಯಂತೆ. ಆದರೂ ರಕ್ತ ಏರಿಲ್ಲ. ಕಬ್ಬಿಣದ ಮಾತ್ರೆ ಉಷ್ಣ ಅಂತ ಬಿಟ್ಟೆ.
— ಓದುಗರು, ಅರಸೀಕೆರೆ

ಉತ್ತರ: ಆ 25 ಪಟ್ಟಿನ ಲೆಕ್ಕ ಹುಟ್ಟಿದ್ದು ಒಣಗಿದ ಪುಡಿಯನ್ನು ಹಸಿ ಪಾಲಕ್ ಜೊತೆ ಹೋಲಿಸಿದ್ದರಿಂದ. ನೀರು ಆರಿದರೆ ಯಾವ ಸೊಪ್ಪಿನಲ್ಲಾದರೂ ಸತ್ವ ಗಟ್ಟಿಯಾಗಿ ಕಾಣುತ್ತದೆ, ಅಲ್ವಾ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಹಸಿ ನುಗ್ಗೆಸೊಪ್ಪಿಗೆ ಸುಮಾರು ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ ಎಂದಿದೆ. ಒಳ್ಳೆಯ ಸೊಪ್ಪೇ. ಆದರೆ ಪವಾಡ ಏನಿಲ್ಲ.

ಈಗ ನಿಮ್ಮ ಚಮಚಕ್ಕೆ ಬರೋಣ. ನಮ್ಮ ಮನೆಯ ಟೀ ಚಮಚದಲ್ಲಿ ಆ ಪುಡಿ ಮೂರು ಗ್ರಾಂ ಹಿಡಿಯಿತು. ಅದರಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ನಿಮ್ಮ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ. ಸರ್ಕಾರದವರು ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಚಮಚ ಸೋತಿದ್ದು ಯಾಕೆ ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂದೆಯೇ ಕಾಫಿ ಎಂದಿದ್ದೀರಿ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಮ್ಮಿ. ಕಾಫಿ, ಟೀ ಅದನ್ನೂ ತಡೆಯುತ್ತವೆ. ಕಾಫಿ ಬಿಡಿ ಎಂದರೆ ನೀವು ಕೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡಿ. ಹುಳಿ ಹಣ್ಣುಗಳ ಸಿ ಜೀವಸತ್ವ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ನೆರವಾಗುತ್ತದೆ. ಪುಡಿಯ ದುಡ್ಡಿನಲ್ಲಿ ವಾರಕ್ಕೆ ಮೂರು ಕಟ್ಟು ನುಗ್ಗೆಸೊಪ್ಪು ತನ್ನಿ. ಹುರುಳಿಕಾಳು ಹಾಕಿ ಬಸ್ಸಾರು ಮಾಡಿ. ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಹಾಳಾಗುತ್ತದೆ. ಊಟದ ಕೊನೆಗೆ ಒಂದು ಸೀಬೆಹಣ್ಣು ಇದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ 9.2 ಇರುವವರಿಗೆ ಊಟ ಒಂದೇ ಸಾಲದು. ಮಾತ್ರೆ ಬೇಕು. ಇದನ್ನು ಹೇಳುವ ಹಕ್ಕು ನನಗೆಷ್ಟಿದೆಯೋ! ಎರಡನೇ ಬಸುರಿನಲ್ಲಿ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ನುಂಗಿದೆ ಅಂತ ಸುಳ್ಳು ಹೇಳಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ಡಯಟೀಶಿಯನ್! ಒಗ್ಗರಣೆ ಹಾಕಲು ಹೋದ ಅಮ್ಮನ ಕೈಗೆ ಸಾಸಿವೆ ಬದಲು ಮಾತ್ರೆಗಳು ಸಿಕ್ಕವು. ಆಮೇಲೆ ಡಾಕ್ಟರು ರಾತ್ರಿ ಊಟವಾದ ಮೇಲೆ ತಗೊಳ್ಳಲು ಹೇಳಿದರು, ತೊಳಸುವುದು ಕಮ್ಮಿಯಾಯಿತು. ಕೆಲವರಿಗೆ ದಿನ ಬಿಟ್ಟು ದಿನ ಕೊಡುತ್ತಾರೆ, ಬೇರೆ ಬಗೆಯ ಮಾತ್ರೆಯೂ ಇದೆ. ಕೇಳಿ ನೋಡಿ. ಮಲ ಕಪ್ಪಾದರೆ ಹೆದರಬೇಡಿ. ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆ ಜೊತೆ ಮಾತ್ರ ಬೇಡ.

ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆಯೇ ಎಂದು ನೀವು ಬರೆದಿಲ್ಲ. ಹಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ತೂತು ಕೊಡಕ್ಕೆ ನೀರು ಹೊಯ್ದು ಎಷ್ಟು ದಿನ ಇರುತ್ತೀರಿ?

ಪ್ರಶ್ನೆ: ವಯಸ್ಸು 58. ಕೊಲೆಸ್ಟ್ರಾಲ್ ಇದೆ. ಗೆಳೆಯರೊಬ್ಬರ ಮಾತು ಕೇಳಿ ಬಿಂಬುಳಿ ರಸ ಶುರು ಮಾಡಿದ್ದೇನೆ, ಖಾಲಿ ಹೊಟ್ಟೆಗೆ ಒಂದು ಲೋಟ. ಮರ ನಮ್ಮ ಹಿತ್ತಲಿನದೇ, ಔಷಧಿ ಹೊಡೆದಿಲ್ಲ. ಮುಂದುವರಿಸಬಹುದಾ?
— ಓದುಗರು, ಬ್ರಹ್ಮಾವರ

ಉತ್ತರ: ಬೇಡ. ನಾಳೆ ಬೆಳಗ್ಗೆಯಿಂದಲೇ ನಿಲ್ಲಿಸಿ.

ನನ್ನ ತವರು ಕುಂದಾಪುರದ ಕಡೆ. ಬಾವಿಕಟ್ಟೆಯ ಪಕ್ಕ ನಮಗೂ ಒಂದು ಬಿಂಬುಳಿ ಮರ ಇತ್ತು. ಕಾಂಡದ ಮೇಲೇ ಗೊಂಚಲು ಗೊಂಚಲು ಕಾಯಿ. ಬಂಗುಡೆ ಸಾರಿಗೆ ಅಮ್ಮ ನಾಲ್ಕೈದು ಸೀಳಿ ಹಾಕುತ್ತಿದ್ದರು. ಮನೆಮಂದಿಗೆಲ್ಲ ಅಷ್ಟೇ. ಒಬ್ಬೊಬ್ಬರ ತಟ್ಟೆಗೆ ಅರ್ಧ ಕಾಯಿ ಬಂದರೆ ಹೆಚ್ಚು. ನಿಮ್ಮ ಒಂದು ಲೋಟಕ್ಕೆ ಎಷ್ಟು ಕಾಯಿ ಹಿಂಡುತ್ತೀರಿ, ನಾಳೆ ಸುಮ್ನೆ ಎಣಿಸಿ ನೋಡಿ. ಕುಡಿಯಲು ಅಲ್ಲ, ಎಣಿಸಲು ಮಾತ್ರ.

ಆ ಹುಳಿಯಲ್ಲಿ ಆಕ್ಸಲೇಟ್ ಎಂಬ ಅಂಶ ತುಂಬ ಇದೆ. ಒಮ್ಮೆಲೇ ಇಷ್ಟೊಂದು ಹೊಟ್ಟೆಗೆ ಹೋದರೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಕೂರುತ್ತದೆ. ಕೇರಳದ ವೈದ್ಯರು 2013ರಲ್ಲೇ ಇದನ್ನು ಬರೆದಿದ್ದಾರೆ. ನಿಮ್ಮ ಹಾಗೆ ಕೊಲೆಸ್ಟ್ರಾಲ್‌ಗೆಂದು ಬಿಂಬುಳಿ ರಸ ಕುಡಿದವರ ಕಿಡ್ನಿ ದಿಢೀರನೆ ಕೈಕೊಟ್ಟಿತ್ತು. ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಔಷಧಿ ಹೊಡೆಯದ ಮರ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಆಕ್ಸಲೇಟ್ ಮರದ್ದೇ. ಧಾರೆಹುಳಿ ರಸಕ್ಕೂ ಇದೇ ಮಾತು.

ಈ ವಾರವೇ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೂತ್ರ ಕಮ್ಮಿಯಾದರೆ, ವಾಂತಿಯಾದರೆ, ಮುಖ ಊದಿದರೆ ಅದಕ್ಕೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಿದ್ದರೆ ಅದನ್ನು ಬಿಡಬೇಡಿ. ಬಿಂಬುಳಿ ಉಪ್ಪಿನಕಾಯಿ ಊಟಕ್ಕೊಂದು ಹೋಳು ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲು ರಿಪೋರ್ಟ್ ಬರಲಿ.

ರಸದ ಮಾತು ಬಂದಿದ್ದಕ್ಕೆ ಇನ್ನೊಂದು. ಸೋರೆಕಾಯಿ ಜ್ಯೂಸ್ ಕುಡಿಯುವವರು ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಕಹಿ ಸೋರೆ ವಿಷ. ಬೇಯಿಸಿದರೂ ಹೋಗುವುದಿಲ್ಲ. 'ಕಹಿ ಇದ್ದಷ್ಟೂ ಔಷಧಿ' ಎಂಬ ನಮ್ಮ ನಂಬಿಕೆ ಇಲ್ಲಿ ಜೀವಕ್ಕೇ ಕುತ್ತು ತಂದಿದೆ.

ಪ್ರಶ್ನೆ: ಅಮೆರಿಕದಿಂದ ಮಗ ಅರಿಶಿನದ ಕ್ಯಾಪ್ಸೂಲ್ ಕಳಿಸಿದ್ದಾನೆ. ಮಂಡಿನೋವಿಗಂತೆ. ಅರಿಶಿನ ತಾನೇ, ತಗೊಂಡರೆ ಏನಾಗುತ್ತದೆ?
— ಓದುಗರು, ಮೈಸೂರು

ಉತ್ತರ: ನಿಮ್ಮ ಸಾಂಬಾರ್ ಡಬ್ಬಿಯ ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿ ಸತ್ವ ಇರುವುದು ನೂರಕ್ಕೆ ಮೂರು ಪಾಲಿನಷ್ಟು. ಅದೂ ಮೈಗೆ ಹತ್ತುವುದು ಬಹಳ ಕಮ್ಮಿ. ಕ್ಯಾಪ್ಸೂಲ್‌ನಲ್ಲಿ ಅದನ್ನೇ ಬೇರ್ಪಡಿಸಿ ತುಂಬಿರುತ್ತಾರೆ, ಜೊತೆಗೆ ಕರಿಮೆಣಸಿನ ಸತ್ವ. ಮೆಣಸು ಸೇರಿದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಅಂದರೆ ಡಬ್ಬಿ ಮೇಲೆ ಅರಿಶಿನದ ಚಿತ್ರ ಇದ್ದರೂ ಅದನ್ನು ಸಾಂಬಾರಿನ ಸಾಮಾನು ಅಂದುಕೊಳ್ಳುವ ಹಾಗಿಲ್ಲ. ಇಂಥ ಕ್ಯಾಪ್ಸೂಲ್ ತಗೊಂಡ ಕೆಲವರಿಗೆ ಲಿವರ್ ಊತ ಬಂದು 2019ರಲ್ಲಿ ಇಟಲಿ ಸರ್ಕಾರ ಎಚ್ಚರಿಕೆ ಕೊಟ್ಟಿತ್ತು. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಮಾತ್ರೆ ಇದ್ದರೆ, ಪಿತ್ತಕೋಶದಲ್ಲಿ ಕಲ್ಲಿದ್ದರೆ ಡಾಕ್ಟರಿಗೆ ಡಬ್ಬಿ ತೋರಿಸದೆ ಮುಟ್ಟಬೇಡಿ. ಮಂಡಿನೋವು ಸ್ವಲ್ಪ ತಗ್ಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಕಣ್ಣು ಹಳದಿಯಾದರೆ ಅದು ಅರಿಶಿನದ ಬಣ್ಣ ಅಂತ ಮಾತ್ರ ಕೂರಬೇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ನನಗೆ ಆರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತೇನೆ. ಬಿ12 ಕಮ್ಮಿ ಎಂದರು. ಇಂಜೆಕ್ಷನ್ ಬೇಡ ಅಂತ ಸ್ಪಿರುಲಿನಾ ಎಂಬ ಪಾಚಿ ತಗೊಳ್ಳುತ್ತಿದ್ದೇನೆ. ಪಾದ ಜೋಮು ಹಿಡಿಯುತ್ತದೆ.
— ಓದುಗರು, ಶಿರಸಿ

ಉತ್ತರ: ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ12ನ ಹಾಗೆ ಕಾಣುವ ಇನ್ನೊಂದು ವಸ್ತು. ನಮ್ಮ ಮೈಗೆ ಅದು ಉಪಯೋಗವಿಲ್ಲ. ಬೀಗಕ್ಕೆ ಹೋಗುತ್ತದೆ, ತಿರುಗುವುದಿಲ್ಲ, ಅಂಥ ಕೀಲಿಕೈ. ಸೊಪ್ಪು, ಕಾಳು, ತರಕಾರಿ ಯಾವುದರಲ್ಲೂ ಬಿ12 ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಗತಿ. ನೀರು ಮಜ್ಜಿಗೆ ಎಷ್ಟು ಕುಡಿದರೂ ಅದರಲ್ಲಿ ಮಜ್ಜಿಗೆಗಿಂತ ನೀರೇ ಜಾಸ್ತಿ. ಜೊತೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುವುದುಂಟು. ಹಾಗಂತ ಆ ಮಾತ್ರೆ ನೀವೇ ನಿಲ್ಲಿಸಬೇಡಿ.

ಜೋಮು ಶುಗರ್‌ನಿಂದಲೂ ಬರಬಹುದು, ಬಿ12 ಕೊರತೆಯಿಂದಲೂ ಬರಬಹುದು. ಕೊರತೆ ತುಂಬ ದಿನ ಹಾಗೇ ಉಳಿದರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿಯಾಗದೇ ಇರಬಹುದು. ಇಂಜೆಕ್ಷನ್ ಅಥವಾ ಹೆಚ್ಚಿನ ಶಕ್ತಿಯ ಮಾತ್ರೆ, ಯಾವುದು ಎಂದು ಡಾಕ್ಟರು ಹೇಳಲಿ. ನಾನು ಅಡುಗೆಮನೆಯ ಪರವಾಗಿಯೇ ಮಾತಾಡುವವಳು. ಈ ಒಂದು ಕಡೆ ಅಡುಗೆಮನೆಗೆ ದಾರಿಯಿಲ್ಲ.

ಪ್ರಶ್ನೆ: ಸೊಸೆ ಚಿಯಾ ಬೀಜ ತರುತ್ತಾಳೆ. ನಾವು ಮೊದಲಿಂದಲೂ ಅಗಸೆ ತಿಂದವರು. ಯಾವುದು ಒಳ್ಳೇದರಿ?
— ಓದುಗರು, ಗದಗ

ಉತ್ತರ: ಜಗಳ ಬೇಡ, ಎರಡೂ ಒಂದೇ ಕೆಲಸಕ್ಕೆ ಬರುತ್ತವೆ. ನಾರು ಇದೆ, ಒಮೆಗಾ-3 ಜಾತಿಯ ಎಣ್ಣೆ ಇದೆ. ಚಿಯಾ ಮೆಕ್ಸಿಕೋ ಕಡೆಯ ಬೆಳೆ. ಈಗ ನಮ್ಮ ಹೆಗ್ಗಡದೇವನಕೋಟೆಯಲ್ಲೂ ಬೆಳೆಯುತ್ತಾರೆ. ಬೆಲೆ ನೋಡಿದರೆ ನಾನು ಅಗಸೆ ಕಡೆಗೇ. ಆದರೆ ಅಗಸೆಯನ್ನು ಇಡೀ ಬೀಜ ನುಂಗಿದರೆ ಹೇಗೆ ಹೋಯಿತೋ ಹಾಗೇ ಹೊರಬರುತ್ತದೆ. ಪುಡಿಯೇ ಆಗಬೇಕು. ನಿಮ್ಮ ಕಡೆಯವರಿಗೆ ಇದು ಯಾವತ್ತೋ ಗೊತ್ತಿತ್ತು. ಅಗಸೆ ಹಿಂಡಿಯನ್ನು ಬೇರೆ ಯಾಕೆ ಕಂಡುಹಿಡಿದರು? ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಹಾಕಿ ಕುಟ್ಟಿ. ಒಂದು ರೊಟ್ಟಿಗೆ ಒಂದು ಚಮಚ. ಹದಿನೈದು ದಿನಕ್ಕಾಗುವಷ್ಟೇ ಮಾಡಿ, ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಬಿಪಿ ಇದ್ದವರು ಉಪ್ಪು ಅರ್ಧ ಮಾಡಿ. (ನೋಡಿ, ಹಳೇ ಚಾಳಿ.) ಸೊಸೆಗೆ ಚಿಯಾ ನೆನೆಸಿ ತಿನ್ನಲು ಹೇಳಿ. ಒಣ ಚಿಯಾ ಗಂಟಲಲ್ಲಿ ಉಬ್ಬಿಕೊಂಡರೆ ಕಷ್ಟ.

ಪ್ರಶ್ನೆ: ರಾತ್ರಿ ನೆನೆಸಿದ ಮೆಂತ್ಯದ ನೀರು ಮಾತ್ರ ಕುಡಿಯಬೇಕಾ, ಕಾಳೂ ತಿನ್ನಬೇಕಾ? ಶುಗರ್ ಇದೆ.
— ಓದುಗರು, ತಿಪಟೂರು

ಉತ್ತರ: ಕಾಳು ತಿನ್ನಿ. ಬಾಯಲ್ಲಿ ಲೋಳೆಯಾಗುತ್ತದಲ್ಲ, ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುವ ಹಾಗೆ ಮಾಡುವುದು ಆ ನಾರೇ. ಬರೀ ನೀರಿನಲ್ಲಿ ಅದು ಬಹಳ ಕಮ್ಮಿ. ಒಂದು ಚಮಚದಿಂದ ಶುರು ಮಾಡಿ, ಮೊದಲ ವಾರ ಹೊಟ್ಟೆ ಉಬ್ಬರ ಇರುತ್ತದೆ. ಶುಗರ್ ಮಾತ್ರೆ ಜೊತೆ ಸೇರಿ ಸಕ್ಕರೆ ತೀರಾ ಇಳಿದು ಕೈ ನಡುಗಿದರೆ, ಬೆವತರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ಡಾಕ್ಟರಿಗೆ ಹೇಳಿ. ಕಹಿ ತಡೆಯದಿದ್ದರೆ ನೆನೆದ ಕಾಳನ್ನು ಮೊಸರಿನ ಜೊತೆ ರುಬ್ಬಿ ಅದಕ್ಕೊಂದು ಒಗ್ಗರಣೆ ಕೊಡಿ. ನಮ್ಮ ಮನೆಯವರಿಗೆ ನಾಲ್ಕು ತಿಂಗಳು ಅದನ್ನೇ ಬಡಿಸಿದ್ದೇನೆ, ಏನೋ ಹೊಸ ತಂಬುಳಿ ಅಂದುಕೊಂಡಿದ್ದರು.