ಸೀಟು ತಗೊಳ್ಳುವ ಮೊದಲು ಲ್ಯಾಬ್ ನೋಡಿ ಬನ್ನಿ

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಸಿಇಟಿಯಲ್ಲಿ ರೋಬೋಟಿಕ್ಸ್ ಅಂಡ್ ಆಟೊಮೇಷನ್ ಸೀಟು ಸಿಗುವ ಹಾಗಿದೆ. ನೆಂಟರೆಲ್ಲ ಕಂಪ್ಯೂಟರ್ ಸೈನ್ಸೇ ಕೊಡಿಸಿ ಅನ್ನುತ್ತಾರೆ. ನಾನು ಬೇಸಾಯಗಾರ, ನನಗೆ ಇದರ ಗಂಧ ಇಲ್ಲ. ಅವಳು ಚಿಕ್ಕಂದಿನಿಂದ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ನೋಡುವವಳು. ಏನು ಮಾಡಲಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಆ ಸ್ಟಾರ್ಟರ್ ಮಾತು. (ಫ್ಯೂಸ್ ತೆಗೆದ ಮೇಲೇ ಬಿಚ್ಚಲು ಹೇಳಿ, ದಯವಿಟ್ಟು. ತ್ರೀ ಫೇಸ್ ಜೊತೆ ಸಲಿಗೆ ಬೇಡ.) ಕರೆಂಟು ಹೋದ ತಕ್ಷಣ ಸ್ಟಾರ್ಟರ್ ಟಕ್ ಅಂತ ಬಿಟ್ಟುಕೊಳ್ಳುತ್ತದೆ, ಅಲ್ವಾ? ಕಾಯಿಲ್‌ನಲ್ಲಿ ಕರೆಂಟು ಇರುವವರೆಗೆ ಅದು ಅಯಸ್ಕಾಂತದ ಹಾಗೆ ಹಿಡಿದಿರುತ್ತದೆ. ಕರೆಂಟು ಹೋದರೆ ಸ್ಪ್ರಿಂಗ್ ತಳ್ಳಿಬಿಡುತ್ತದೆ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ರೋಬೋಟ್‌ಗಳ ಕೆಲಸ ನೋಡಿಕೊಳ್ಳುತ್ತೇನೆ. ಅಲ್ಲಿನ ಪ್ಯಾನೆಲ್ ಒಳಗೂ ಇಂಥದೇ ಅಯಸ್ಕಾಂತದ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಇದೆ. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರೆ ಅದು ಬಿಟ್ಟುಕೊಂಡು ಮೋಟಾರುಗಳಿಗೆ ಪವರ್ ನಿಲ್ಲುತ್ತದೆ. ಆಗ ಕೀಲುಗಳ ಬ್ರೇಕ್ ಸ್ಪ್ರಿಂಗ್ ಬಲದಿಂದಲೇ ಕಚ್ಚಿಕೊಳ್ಳುತ್ತದೆ. ಬ್ರೇಕ್ ಇಲ್ಲದಿದ್ದರೆ ತೋಳು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ನಿಮ್ಮ ಮಗಳು ಈ ವಿಷಯದ ಹೊಸ್ತಿಲಲ್ಲಿ ಆಗಲೇ ಕೂತಿದ್ದಾಳೆ.

ರೋಬೋಟಿಕ್ಸ್‌ಗೆ ತೀರ ಹತ್ತಿರದ ಓದು ಮೆಕಾಟ್ರಾನಿಕ್ಸ್. ಆ ಹೆಸರು ಹುಟ್ಟಿದ್ದೂ ಮೋಟಾರು ಮಾಡುವ ಕಂಪನಿಯಲ್ಲೇ. 1969ರಲ್ಲಿ ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್‌ನ ಇಂಜಿನಿಯರ್ ತೆತ್ಸುರೊ ಮೋರಿ ಮೆಕ್ಯಾನಿಕಲ್ಲು, ಎಲೆಕ್ಟ್ರಾನಿಕ್ಸು ಎರಡನ್ನೂ ಹೊಸೆದು ಆ ಪದ ಕಟ್ಟಿದರು. ಈಗ ಅದಕ್ಕೆ ಪ್ರೋಗ್ರಾಮಿಂಗೂ ಕಂಟ್ರೋಲ್ ಸಿಸ್ಟಮ್ಸೂ ಸೇರಿವೆ. ಓದು ಜಾಸ್ತಿಯೇ ಇದೆ. ಆದರೆ ನಿಜವಾದ ಕಷ್ಟ ಒಂದೊಂದು ವಿಷಯದ ಒಳಗಿಲ್ಲ, ಅವು ಕೂಡುವ ಜಾಗದಲ್ಲಿದೆ.

ನಾನು ಓದಿದ್ದೂ ಮೆಕಾಟ್ರಾನಿಕ್ಸೇ. ಮೂರನೇ ವರ್ಷ ನಾವು ನಾಲ್ವರು ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಗಾಡಿ ಮಾಡಿದ್ದೆವು. ಲ್ಯಾಬಿನ ಟ್ಯೂಬ್‌ಲೈಟ್ ಕೆಳಗೆ ಸುತ್ತಿದ್ದೇ ಸುತ್ತಿದ್ದು. ಸ್ಪರ್ಧೆಯ ದಿನ ಹನ್ನೊಂದು ಗಂಟೆಗೆ ಅಂಗಳದಲ್ಲಿ ಇಟ್ಟರೆ ಗೆರೆ ಬಿಟ್ಟು ನೇರ ಗೋಡೆಗೆ ಹೋಯಿತು. ಒಬ್ಬ ಚಕ್ರ ಬಿಚ್ಚಿದ. ಒಬ್ಬಳು ಕೋಡ್ ಪೂರ್ತಿ ಓದಿದಳು. ನಾನು ಬ್ಯಾಟರಿ ಬದಲಿಸಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ಗಾಡಿಯ ಮೇಲೆ ಯಾರದೋ ನೆರಳು ಬಿತ್ತು, ಗಾಡಿ ಗೆರೆ ಹಿಡಿಯಿತು! ನಮ್ಮ ಸೆನ್ಸರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳ. ಅದಕ್ಕೆ ಕಪ್ಪೂ ಬಿಳಿಯೂ ಒಂದೇ ಆಗಿ ಕಂಡಿತ್ತು. ಕಪ್ಪು ಚಾರ್ಟ್ ಪೇಪರ್ ಕತ್ತರಿಸಿ ಸೆನ್ಸರ್ ಸುತ್ತ ಲಂಗದ ಹಾಗೆ ಅಂಟಿಸಿದೆವು. ಬಿಸಿಲಲ್ಲೇ ರೀಡಿಂಗ್ ತೆಗೆದು ಕೋಡ್‌ನಲ್ಲಿ ಒಂದು ಸಂಖ್ಯೆ ಬದಲಿಸಿದೆವು. ಓಡಿತು. ಇಂದಿಗೂ ಕಾರ್ಖಾನೆಯಲ್ಲಿ ನನ್ನ ದಿನದ ಅರ್ಧ ಇಂಥ ಹುಡುಕಾಟವೇ.

ಹಾಗಾಗಿ ಇಂಥ ಹುಡುಕಾಟಕ್ಕೆ ಜಾಗ ಕೊಡುವ ಕಾಲೇಜು ಬೇಕು. ಸೀಟು ಒಪ್ಪಿಕೊಳ್ಳುವ ಮೊದಲು ಮಗಳನ್ನು ಕರೆದುಕೊಂಡು ಒಂದು ದಿನ ಹೋಗಿ ಬನ್ನಿ. ಬ್ರೋಷರ್ ಬೇಡ, ಲ್ಯಾಬ್ ತೋರಿಸಿ ಅನ್ನಿ. ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಕಿಟ್ ಎಷ್ಟು ಜನಕ್ಕೆ ಒಂದು, ರೋಬೋಟ್ ತೋಳನ್ನು ಮಕ್ಕಳು ಮುಟ್ಟುತ್ತಾರಾ, ಇಲ್ಲ ಗಾಜಿನಾಚೆಯಿಂದ ನೋಡುತ್ತಾರಾ ಅಂತ ಅಲ್ಲಿನ ಸೀನಿಯರ್ ಮಕ್ಕಳನ್ನೇ ಕೇಳಿ. ಧೂಳು ಹೊದಿಕೆ ಹಾಕಿದ ಚಂದದ ರೋಬೋಟಿಗಿಂತ ಗೀರು ಬಿದ್ದ ಹಳೇ ರೋಬೋಟ್ ಇರುವ ಲ್ಯಾಬ್ ಮೇಲು. ಅಂಥ ಲ್ಯಾಬ್ ಇಲ್ಲದಿದ್ದರೆ ಒಳ್ಳೇ ಕಾಲೇಜಿನ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ತಗೊಳ್ಳಲಿ.

ಇನ್ನೊಂದು ವಿಷಯ. ಮುಂದೆ ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಮೆಕಾಟ್ರಾನಿಕ್ಸ್‌ಗೆ ಪ್ರತ್ಯೇಕ ಪತ್ರಿಕೆ ಇಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಷನ್ ಹೀಗೆ ಒಂದನ್ನು ಆರಿಸಿ ಬರೆಯಬೇಕು. ಸರ್ಕಾರಿ ಕೆಲಸದ ಆಸೆ ಇದ್ದರೆ, ಅಧಿಸೂಚನೆಯಲ್ಲಿ ಯಾವ ಯಾವ ಬ್ರಾಂಚ್ ಹೆಸರಿದೆ ಅಂತ ಈಗಲೇ ಓದಿಕೊಳ್ಳಿ. ನೆಂಟರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ, ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಬಾಗಿಲುಗಳು ಜಾಸ್ತಿ. ಆದರೂ ಸ್ಟಾರ್ಟರ್ ಬಿಚ್ಚುವ ಹುಡುಗಿಯನ್ನು ನಾಲ್ಕು ವರ್ಷ ಬರೀ ಸ್ಕ್ರೀನ್ ಮುಂದೆ ಕೂರಿಸಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ರೋಬೋಟಿಕ್ಸ್ ಕಲಿಯಲು ಬ್ರಾಂಚ್ ಬದಲಿಸಬೇಕೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಬೇಡಪ್ಪ. ಮ್ಯಾಟ್ರಿಕ್ಸ್ ಲೆಕ್ಕ ಗಟ್ಟಿ ಮಾಡಿಕೋ, ರೋಬೋಟ್ ತೋಳಿನ ತುದಿ ಎಲ್ಲಿದೆ ಎಂದು ಹೇಳುವುದೇ ಅದು. ರೋಬೋಟ್‌ಗೆ ಪ್ರೋಗ್ರಾಂ ಬರೆಯಲು ಬಳಸುವ ಆರ್‌ಒಎಸ್, ರೋಬೋಟನ್ನು ಸ್ಕ್ರೀನ್ ಮೇಲೇ ಓಡಿಸಿ ನೋಡುವ ಗೆಜೀಬೊ, ಈ ಎರಡು ಸಾಫ್ಟ್‌ವೇರೂ ಉಚಿತ, ಲ್ಯಾಪ್‌ಟಾಪ್‌ನಲ್ಲೇ ಶುರು ಮಾಡಬಹುದು. ಆದರೆ ಅದಕ್ಕೂ ಮೊದಲು ಎಷ್ಟು ತಿರುಗಿತು ಎಂದು ಅಳೆಯುವ ಎನ್‌ಕೋಡರ್ ಇರುವ ಒಂದು ಸಣ್ಣ ಗೇರ್ ಮೋಟಾರ್ ಕೊಂಡುಕೋ. ಅದಕ್ಕೆ ಒಂದು ಸ್ಕೇಲು ಕಟ್ಟಿ, ತುದಿಗೆ ನಟ್ ತೂಗುಹಾಕಿ, ಸ್ಕೇಲು ನೆಲಕ್ಕೆ ಸಮನಾಗಿ ನಿಲ್ಲುವಂತೆ ಪ್ರೋಗ್ರಾಂ ಬರೆ. ಎಷ್ಟು ತಪ್ಪಿದೆಯೋ ಅಷ್ಟೇ ಬಲ ಕೊಡು ಅಂತ ಬರೆದರೆ ಸ್ಕೇಲು ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ತಪ್ಪು ಸೊನ್ನೆಯಾದರೆ ಬಲವೂ ಸೊನ್ನೆ, ಆಮೇಲೆ ನಟ್ ಹೊರುವವರು ಯಾರು? ಹಳೆಯ ತಪ್ಪನ್ನೆಲ್ಲ ಕೂಡಿಸುತ್ತ ಹೋಗುವ ಇನ್ನೊಂದು ಸಾಲು ಸೇರಿಸಿದರೆ ಮೇಲೇರುತ್ತದೆ, ಜಾಸ್ತಿಯಾದರೆ ತೂಗಾಡುತ್ತದೆ. ಆ ತೂಗಾಟ ತಗ್ಗಿಸಲು ಮೂರನೆಯ ಸಾಲು. ಯಂತ್ರಗಳನ್ನು ಹಿಡಿತದಲ್ಲಿಡಲು ಬಳಸುವ ಪಿಐಡಿ ಎಂಬ ವಿಧಾನ ಇದೇ. ಸ್ಕೇಲು ಅಲುಗಾಡದೆ ನಿಂತ ದಿನ ನನಗೆ ಮತ್ತೆ ಬರೆ.