ಬಡ್ಡಿ ಬರುತ್ತಿತ್ತಲ್ಲ, ಮೇಡಂ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಐವತ್ತರ ಆಸುಪಾಸಿನ ಈ ಮಹಿಳೆ ನಿದ್ದೆ ಬರುತ್ತಿಲ್ಲವೆಂದು ಸಲಹೆಗೆ ನನ್ನ ಬಳಿ ಬಂದಿದ್ದರು. ದುಡ್ಡಿನ ಮಾತು ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ. ತಿಂಗಳಿಗೆ ಶೇ. 10 ಬಡ್ಡಿ ಎಂದವರ ಕೈಗೆ ತಮ್ಮ ಉಳಿತಾಯವನ್ನೆಲ್ಲ ಕೊಟ್ಟಿದ್ದರು. ತಂಗಿಯಿಂದಲೂ ಹಾಕಿಸಿದ್ದರು. ಐದು ತಿಂಗಳು ಬಡ್ಡಿ ತಪ್ಪದೆ ಬಂತು. ಆಮೇಲೆ ಫೋನ್ ಸ್ವಿಚ್ ಆಫ್.

ದೂರು ಕೊಟ್ಟಿರಾ ಎಂದೆ. "ಬಡ್ಡಿ ಬರುತ್ತಿತ್ತಲ್ಲ ಮೇಡಂ, ಮೋಸ ಅಂತ ಹೇಗನ್ನಲಿ? ವ್ಯವಹಾರದಲ್ಲಿ ನಷ್ಟ ಆಗಿರಬೇಕು. ಕಾಯ್ತಿದ್ದೀನಿ."

ಅವರನ್ನು ಕಟ್ಟಿಹಾಕಿದ್ದು ಈ ಕಾಯುವಿಕೆಯೇ. ಇಂಥ ಬಡ್ಡಿಯ ಮೋಸಕ್ಕೆ ಪೋಂಜಿ ಯೋಜನೆ ಎನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. 1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೋಂಜಿ ಎಂಬಾತ, ಅಂಚೆಯ ಉತ್ತರ ಕೂಪನ್‌ಗಳ (ಬೇರೆ ದೇಶದವರು ಉತ್ತರ ಬರೆಯಲು ಅಂಚೆಚೀಟಿಗೆ ಬದಲಾಯಿಸಿಕೊಳ್ಳುವ ಚೀಟಿ) ವ್ಯಾಪಾರದಿಂದ 45 ದಿನದಲ್ಲಿ ಶೇ. 50 ಲಾಭ ಎಂದು ಹಣ ಸೇರಿಸಿದ. ಅವನ ಲೆಕ್ಕ ನಿಜವಾಗಲು 16 ಕೋಟಿ ಕೂಪನ್ ಬೇಕಿತ್ತು. ಚಲಾವಣೆಯಲ್ಲಿದ್ದದ್ದು ಸುಮಾರು 27,000. ವ್ಯಾಪಾರವೇ ಇಲ್ಲದಿದ್ದ ಮೇಲೆ ನಷ್ಟವೆಲ್ಲಿಯದು? ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚುತ್ತಿದ್ದ. ಹೊಸಬರು ನಿಂತ ದಿನ ಎಲ್ಲವೂ ನಿಲ್ಲುತ್ತದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ನನಗೆ ಬಂದ ಬಡ್ಡಿ ಯಾರದ್ದು?"

ನಿಮ್ಮ ನಂತರ ಸೇರಿದವರದ್ದು, ತಂಗಿಯದ್ದೂ ಇರಬಹುದು ಎಂದೆ. ಅತ್ತರು. ಆ ಸತ್ಯವನ್ನು ಮೆತ್ತಗೆ ಮಾಡಲು ನನಗೆ ಮನಸ್ಸಾಗಲಿಲ್ಲ, ಅದನ್ನು ಅವರು ಆಗಲೇ ಅರ್ಧ ಊಹಿಸಿದ್ದರು. ಆದರೆ ಗೊತ್ತಿದ್ದು ಮಾಡಿದವರು ಬೇರೆ, ನಂಬಿ ಕರೆತಂದವರು ಬೇರೆ ಎಂಬುದನ್ನು ಮತ್ತೆ ಮತ್ತೆ ಹೇಳಿದೆ. "ಓದಿದವಳು ನಾನು" ಎಂದು ಹಣೆ ಚಚ್ಚಿಕೊಂಡಾಗ, ಅಮೆರಿಕದಲ್ಲಿ ಇಂಥದ್ದೇ ಯೋಜನೆ ನಡೆಸಿ 2008ರಲ್ಲಿ ಬಂಧನವಾದ ಬರ್ನಾರ್ಡ್ ಮೇಡಾಫ್‌ನ ಬಲೆಗೆ ಬ್ಯಾಂಕುಗಳೂ ದತ್ತಿ ಸಂಸ್ಥೆಗಳೂ ಬಿದ್ದಿದ್ದವೆಂದು ನೆನಪಿಸಿದೆ.

ತಂಗಿಗೆ ವಿಷಯ ನಿಮ್ಮ ಬಾಯಿಂದಲೇ ತಿಳಿಯಲಿ, ಈ ವಾರವೇ, ಎಂದೆ. ರಸೀದಿ, ಬ್ಯಾಂಕ್ ವಿವರ, ಮೆಸೇಜು ಯಾವುದನ್ನೂ ಅಳಿಸಬೇಡಿ. ಎಲ್ಲ ಸೇರಿಸಿ ಪೊಲೀಸರಿಗೆ ದೂರು ಕೊಡಿ. ಕಳೆದದ್ದನ್ನು ತುಂಬಿಸಲು ಸಾಲ ಮಾಡಿ ಮತ್ತೆಲ್ಲೂ ಹಾಕಬೇಡಿ. ಒಂದನ್ನು ಬರೆಸಿಯೇ ಕಳಿಸಿದೆ: ಇಷ್ಟು ಶುಲ್ಕ ಕಟ್ಟಿದರೆ ಹೋದ ಹಣ ವಾಪಸ್ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ, ಅದೂ ಮೋಸ. ಒಮ್ಮೆ ಕಳೆದುಕೊಂಡವರನ್ನೇ ಇವರು ಹುಡುಕಿಕೊಂಡು ಬರುತ್ತಾರೆ.

ಮುಂದಿನ ಭೇಟಿಗೆ ತಂಗಿಯೂ ಬಂದರು, ಕೈಯಲ್ಲಿ ರಸೀದಿಗಳ ಕಟ್ಟು. ದೂರು ಇಬ್ಬರೂ ಸೇರಿಯೇ ಕೊಟ್ಟಿದ್ದಾರೆ. ಅಕ್ಕನೊಡನೆ ಅವರಿನ್ನೂ ಮಾತಾಡುತ್ತಿಲ್ಲ.